ಬೆಂಗಳೂರು–ಮಂಗಳೂರು: ದೂರ ಎಷ್ಟು, ಹಾರಾಟ ಎಷ್ಟು ಹೊತ್ತು? ಪದೇ ಪದೇ ಕೇಳುವ ಪ್ರಶ್ನೆಗಳು

ಕರಾವಳಿಯವರು ಬೆಂಗಳೂರಿಗೆ ಹೋಗುವುದನ್ನು ‘ಘಟ್ಟ ಹತ್ತುವುದು’ ಎಂದೂ ಊರಿಗೆ ಮರಳುವುದನ್ನು ‘ಘಟ್ಟ ಇಳಿಯುವುದು’ ಎಂದೂ ಹೇಳುತ್ತ ಬಂದಿದ್ದಾರೆ. ಈ ಎರಡು ಊರುಗಳ ನಡುವಿನ ಪ್ರಯಾಣದಲ್ಲಿ ಕಿಲೋಮೀಟರಿಗಿಂತ ಘಟ್ಟವೇ ದೊಡ್ಡ ಲೆಕ್ಕ ಎಂಬುದು ಆ ಮಾತಿನಲ್ಲಿಯೇ ಇದೆ. ಬೆಳ್ತಂಗಡಿ ಕಡೆಯವನಾಗಿ, ಕೆಲಸದ ನಿಮಿತ್ತ ಬೆಂಗಳೂರಿನಲ್ಲಿ ನೆಲೆಸಿ, ಬಸ್ಸು, ರೈಲು, ವಿಮಾನ ಮೂರರಲ್ಲೂ ಈ ದಾರಿಯನ್ನು ಮತ್ತೆ ಮತ್ತೆ ಸವೆಸಿದ ನನ್ನನ್ನು ಗೆಳೆಯರೂ ನೆಂಟರೂ ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಉತ್ತರಸಹಿತ ಇಲ್ಲಿ ಬರೆದಿಟ್ಟಿದ್ದೇನೆ.

ಬೆಂಗಳೂರಿನಿಂದ ಮಂಗಳೂರಿಗೆ ಎಷ್ಟು ದೂರ?

ಯಾವ ದೂರ ಎಂದು ಮೊದಲು ಕೇಳಬೇಕಾಗುತ್ತದೆ. ಎರಡು ನಗರಗಳ ಮಧ್ಯಭಾಗಗಳ ನಡುವೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 297 ಕಿ.ಮೀ. ಆಗುತ್ತದೆ. ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಬಜ್ಪೆ ಸಮೀಪದ ಮಂಗಳೂರು ವಿಮಾನ ನಿಲ್ದಾಣಕ್ಕೆ ಅದೇ ರೀತಿ ಅಳೆದರೆ ಸುಮಾರು 306 ಕಿ.ಮೀ. ಬರುತ್ತದೆ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ಮೂಲಕ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಹೋದರೆ ಸುಮಾರು 350 ಕಿ.ಮೀ. ಕುಣಿಗಲ್, ಶ್ರವಣಬೆಳಗೊಳ, ಹಾಸನದ ಮೇಲೆ ಹೋಗುವ ರೈಲುಮಾರ್ಗ ಇದಕ್ಕಿಂತ ಸ್ವಲ್ಪ ಉದ್ದ. ಮೈಸೂರಿನ ಮೇಲೆ ಸುತ್ತಿ ಹೋಗುವ ರೈಲಾದರೆ 450 ಕಿ.ಮೀ. ಆಸುಪಾಸಿಗೆ ಮುಟ್ಟುತ್ತದೆ. ಬೆಂಗಳೂರು–ಹಾಸನ ನೇರ ಮಾರ್ಗ 2017ರಲ್ಲಿ ತೆರೆಯುವವರೆಗೆ ಮಂಗಳೂರಿನ ರೈಲುಗಳು ಮೈಸೂರಿನ ಮೇಲಾಗಲಿ ಅರಸೀಕೆರೆಯ ಮೇಲಾಗಲಿ ಸುತ್ತಿಕೊಂಡೇ ಹೋಗಬೇಕಿತ್ತು.

ಒಂದೊಂದು ವೆಬ್‌ಸೈಟಿನಲ್ಲಿ ಒಂದೊಂದು ಅಂಕಿ ಇರುತ್ತದೆಯಲ್ಲ, ಯಾವುದನ್ನು ನಂಬಬೇಕು?

ಹೆಚ್ಚಿನವು ತಮ್ಮ ತಮ್ಮ ಲೆಕ್ಕದಲ್ಲಿ ಸರಿಯೇ ಇರುತ್ತವೆ. ಕೆಲವು ನಗರದಿಂದ ನಗರಕ್ಕೆ ಅಳೆಯುತ್ತವೆ, ಕೆಲವು ನಿಲ್ದಾಣದಿಂದ ನಿಲ್ದಾಣಕ್ಕೆ. ಬೆಂಗಳೂರಿನ ವಿಮಾನ ನಿಲ್ದಾಣ ಊರಿನ ಈಶಾನ್ಯಕ್ಕಿದ್ದು, ಮಂಗಳೂರು ಇರುವುದು ಪಶ್ಚಿಮಕ್ಕೆ. ಹೀಗಾಗಿ ವಿಮಾನ ಹತ್ತುವವರು ಮೊದಲು ಊರಿಗೆ ಬೆನ್ನುಹಾಕಿ ಹೋಗಬೇಕು, ಆಮೇಲೆ ಆ ದೂರವನ್ನೂ ಸೇರಿಸಿ ಹಾರಬೇಕು. ಇನ್ನು ಕೆಲವೆಡೆ 165 ಎಂಬ ಅಂಕಿ ಕಾಣುತ್ತದೆ. ಅದು ನಾಟಿಕಲ್ ಮೈಲಿಯ ಲೆಕ್ಕ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ., ಗುಣಿಸಿದರೆ ಮತ್ತೆ 306ಕ್ಕೇ ಬರುತ್ತದೆ.

ಖಂಡಾಂತರ ಪ್ರಯಾಣದಲ್ಲಿ ಭೂಮಿ ಗುಂಡಗಿರುವುದರಿಂದ ನಕ್ಷೆಯ ನೇರಗೆರೆಗೂ ನಿಜವಾದ ಹತ್ತಿರದ ದಾರಿಗೂ ಸಾವಿರಾರು ಕಿಲೋಮೀಟರ್ ವ್ಯತ್ಯಾಸವಾಗುವುದುಂಟು. ಮುನ್ನೂರು ಕಿಲೋಮೀಟರಿನಲ್ಲಿ ಆ ವ್ಯತ್ಯಾಸ ಗಣನೆಗೆ ಬರುವಷ್ಟಿಲ್ಲ.

ಹಾರಾಟಕ್ಕೆ ಎಷ್ಟು ಹೊತ್ತು ಬೇಕು?

ಟಿಕೆಟ್ಟಿನಲ್ಲಿ ಸಾಮಾನ್ಯವಾಗಿ ಒಂದು ಗಂಟೆಯಿಂದ ಒಂದು ಗಂಟೆ ಹದಿನೈದು ನಿಮಿಷದವರೆಗೆ ಬರೆದಿರುತ್ತಾರೆ. ಚಕ್ರ ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವವರೆಗಿನ ಹೊತ್ತನ್ನಷ್ಟೇ ಎಣಿಸಿದರೆ ಜೆಟ್ ವಿಮಾನಕ್ಕೆ ಮುಕ್ಕಾಲು ಗಂಟೆಯ ಒಳಗೇ ಆಗುತ್ತದೆ.

ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ವೇಗದಲ್ಲಿ ಹೋಗುತ್ತದೆ ಎನ್ನುತ್ತಾರೆ. ಆ ಲೆಕ್ಕದಲ್ಲಿ 306 ಕಿ.ಮೀ.ಗೆ 23 ನಿಮಿಷ ಸಾಕಲ್ಲವೆ? ಒಂದು ಗಂಟೆ ಏಕೆ?

ಗಣಿತದ ಮಾಸ್ತರರೊಬ್ಬರು ನನಗೆ ಹಾಕಿದ ಪ್ರಶ್ನೆ ಇದು. ಉತ್ತರ ಸ್ವಲ್ಪ ಉದ್ದವಾಗಿದೆ.

ಮೊದಲನೆಯದಾಗಿ, ಟಿಕೆಟ್ಟಿನಲ್ಲಿರುವ ಸಮಯ ಹಾರಾಟದ ಸಮಯವಲ್ಲ. ವಿಮಾನ ತಾನು ನಿಂತಿದ್ದ ಜಾಗದಿಂದ ಕದಲಿದ ಕ್ಷಣದಿಂದ, ಇನ್ನೊಂದು ಊರಿನಲ್ಲಿ ತನ್ನ ಜಾಗಕ್ಕೆ ಬಂದು ನಿಲ್ಲುವ ಕ್ಷಣದವರೆಗಿನ ಹೊತ್ತು ಅದು. ವಿಮಾನಯಾನದವರು ಅದನ್ನು ‘ಬ್ಲಾಕ್ ಟೈಮ್’ ಎನ್ನುತ್ತಾರೆ. ಬೆಂಗಳೂರಿನಂಥ ದೊಡ್ಡ ನಿಲ್ದಾಣದಲ್ಲಿ ಟ್ರ್ಯಾಕ್ಟರು ವಿಮಾನವನ್ನು ಹಿಂದಕ್ಕೆ ತಳ್ಳಿ, ಇಂಜಿನ್ ಚಾಲೂ ಆಗಿ, ಅದು ತೆವಳುತ್ತಾ ರನ್‌ವೇಯ ತುದಿ ಸೇರಿ, ಮುಂದಿರುವ ನಾಲ್ಕಾರು ವಿಮಾನಗಳು ಏರುವವರೆಗೆ ಸರತಿಯಲ್ಲಿ ಕಾಯುವಷ್ಟರಲ್ಲಿ ಹತ್ತರಿಂದ ಇಪ್ಪತ್ತು ನಿಮಿಷ ಕಳೆದುಹೋಗುತ್ತದೆ. ಬೆಳಗ್ಗೆ ಆರರಿಂದ ಒಂಬತ್ತರೊಳಗೆ ಹೊರಡುವ ವಿಮಾನಗಳಲ್ಲಿ ಈ ಕಾಯುವಿಕೆ ಹೆಚ್ಚು.

ಎರಡನೆಯದಾಗಿ, ಏರುವ ವಿಮಾನ ಮೊದಲ ಹತ್ತು ಸಾವಿರ ಅಡಿಗಳಲ್ಲಿ 250 ನಾಟ್, ಎಂದರೆ ಗಂಟೆಗೆ ಸುಮಾರು 463 ಕಿ.ಮೀ. ವೇಗವನ್ನು ಸಾಮಾನ್ಯವಾಗಿ ಮೀರುವಂತಿಲ್ಲ. ಇಳಿಯುವಾಗಲೂ ಅದೇ ನಿಯಮ. ಎಂಟುನೂರರ ವೇಗ ಬರುವುದು ಅದಕ್ಕೂ ಬಹಳ ಮೇಲೆ ಹೋದ ನಂತರ.

ಮೂರನೆಯದು ಈ ಮಾರ್ಗದ ಮಟ್ಟಿಗೆ ಬಹು ಸ್ವಾರಸ್ಯದ ಸಂಗತಿ. ಇಳಿಯಲು ಎಷ್ಟು ದೂರದಿಂದ ಶುರುಮಾಡಬೇಕು ಎಂಬುದಕ್ಕೆ ಪೈಲಟ್‌ಗಳ ಬಳಿ ಬಾಯಿಲೆಕ್ಕವೊಂದಿದೆ: ಇಳಿಯಬೇಕಾದ ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ. ವಿಮಾನ 24,000 ಅಡಿಯಲ್ಲಿದೆ ಎಂದುಕೊಳ್ಳೋಣ. 24ನ್ನು ಮೂರರಿಂದ ಗುಣಿಸಿದರೆ 72 ನಾಟಿಕಲ್ ಮೈಲಿ, ಅಂದರೆ ಸುಮಾರು 133 ಕಿ.ಮೀ. ಆಯಿತು. ಒಟ್ಟು 306ರಲ್ಲಿ 133 ಇಳಿಯುವುದಕ್ಕೇ ಹೋಯಿತು, ಏರುವುದಕ್ಕೂ ನೂರು ಕಿ.ಮೀ.ಗಿಂತ ಹೆಚ್ಚು ಹೋಯಿತು. ಉಳಿಯುವ ಅರವತ್ತು ಎಪ್ಪತ್ತು ಕಿಲೋಮೀಟರಿನಲ್ಲಿ ಮಾತ್ರ ವಿಮಾನ ಸಮತಟ್ಟಾಗಿ ಹಾರುತ್ತದೆ, ಅದೂ ಐದಾರು ನಿಮಿಷ. ಗಗನಸಖಿ ನೀರಿನ ಲೋಟ ಕೊಟ್ಟು ಮುಂದಿನ ಸಾಲಿಗೆ ಹೋಗುವಷ್ಟರಲ್ಲೇ ‘ಸೀಟ್ ಬೆಲ್ಟ್ ಕಟ್ಟಿಕೊಳ್ಳಿ, ಇಳಿಯುತ್ತಿದ್ದೇವೆ’ ಎಂಬ ಪ್ರಕಟಣೆ ಬರುವುದು ಇದಕ್ಕಾಗಿಯೇ. ದೆಹಲಿಗೆ ಹೋಗುವ ವಿಮಾನದಂತೆ ಮೂವತ್ತೈದು ಸಾವಿರ ಅಡಿಗೆ ಏರಲು ಇಲ್ಲಿ ಜಾಗವೇ ಸಾಲದು; ಏರಿ ಮುಗಿಯುವ ಮೊದಲೇ ಇಳಿಯಬೇಕಾದೀತು.

ಕೊನೆಯದಾಗಿ, ವಿಮಾನ ನಕ್ಷೆಯ ಗೆರೆಯ ಮೇಲೆ ಹಾರುವುದಿಲ್ಲ. ಯಾವ ನಿಲ್ದಾಣದಿಂದ ಹೇಗೆ ಹೊರಡಬೇಕು, ಯಾವ ಬಿಂದುಗಳ ಮೂಲಕ ಹಾಯಬೇಕು, ಹೇಗೆ ಬಂದು ರನ್‌ವೇಗೆ ಮುಖ ಮಾಡಬೇಕು ಎಂಬುದೆಲ್ಲ ಮೊದಲೇ ಗೊತ್ತುಪಡಿಸಿದ ದಾರಿಗಳು. ಜೊತೆಗೆ, ವಿಮಾನ ಗಾಳಿಗೆ ಎದುರಾಗಿ ಏರಬೇಕು, ಎದುರಾಗಿಯೇ ಇಳಿಯಬೇಕು. ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ಮಳೆಗಾಲದಲ್ಲಿ ಪಶ್ಚಿಮದ ಗಾಳಿ ಬೀಸುವಾಗ ವಿಮಾನ ಮಂಗಳೂರಿನ ದಿಕ್ಕಿಗೇ ಮುಖಮಾಡಿ ಏರುತ್ತದೆ. ಪೂರ್ವದ ಗಾಳಿಯ ದಿನಗಳಲ್ಲಿ ಹೊಸಕೋಟೆಯ ಕಡೆಗೆ ಏರಿ, ಆಮೇಲೆ ದೊಡ್ಡದಾಗಿ ತಿರುಗಿ ಪಶ್ಚಿಮಕ್ಕೆ ಬರಬೇಕು. ಆ ತಿರುವಿಗೆ ಕೆಲವು ನಿಮಿಷ ಬೇಕೇ ಬೇಕು.

ಇವಿಷ್ಟನ್ನೂ ಕೂಡಿಸಿದರೆ 23 ನಿಮಿಷ ಒಂದು ಗಂಟೆಯಾಗುತ್ತದೆ. ಮಾಸ್ತರರು ಒಪ್ಪಿದರು, ಆದರೆ ‘ಹಾಗಾದರೆ ಎಂಟುನೂರು ಎಂದು ಹೇಳುವುದೇಕೆ’ ಎಂದು ಗೊಣಗುವುದನ್ನು ಬಿಡಲಿಲ್ಲ.

ಫ್ಯಾನಿನಂಥ ರೆಕ್ಕೆ ತಿರುಗುವ ಸಣ್ಣ ವಿಮಾನದಲ್ಲಿ ಹೋದರೆ ಬಹಳ ತಡವಾಗುತ್ತದೆಯೆ?

ಬಹಳವೇನಿಲ್ಲ. ನೀವು ಹೇಳುತ್ತಿರುವುದು ಬಹುಶಃ ಎಟಿಆರ್ 72 ಇರಬೇಕು. ಎಪ್ಪತ್ತರ ಆಸುಪಾಸು ಸೀಟುಗಳ ಈ ವಿಮಾನ ಗಂಟೆಗೆ ಸುಮಾರು 510 ಕಿ.ಮೀ. ವೇಗದಲ್ಲಿ ಹೋಗುತ್ತದೆ. ಏರ್‌ಬಸ್ ಎ320 ಅದೇ ಹೊತ್ತಿನಲ್ಲಿ 830 ಕಿ.ಮೀ. ಹೋಗಬಲ್ಲದು. ಆದರೆ ಮೇಲೆ ಹೇಳಿದಂತೆ ಜೆಟ್‌ಗೆ ತನ್ನ ಪೂರ್ತಿ ವೇಗ ತೋರಿಸಲು ಈ ಮಾರ್ಗದಲ್ಲಿ ಐದಾರು ನಿಮಿಷವಷ್ಟೇ ಸಿಗುವುದರಿಂದ, ಎರಡರ ನಡುವಿನ ಅಂತರ ಹತ್ತು ಹದಿನೈದು ನಿಮಿಷದೊಳಗೇ ಉಳಿಯುತ್ತದೆ. ಎಟಿಆರ್ ಕೆಳಮಟ್ಟದಲ್ಲಿ ಹಾರುವುದರಿಂದ ಕಿಟಕಿಯ ನೋಟ ಚೆನ್ನ; ಮೋಡವಿದ್ದ ದಿನ ಕುಲುಕಾಟವೂ ತುಸು ಹೆಚ್ಚು.

ಹೋಗುವಾಗ ಮತ್ತು ಬರುವಾಗ ಸಮಯದಲ್ಲಿ ವ್ಯತ್ಯಾಸವಿದೆಯೆ?

ಐದು ಹತ್ತು ನಿಮಿಷದ ಮಟ್ಟಿಗೆ ಇರಬಹುದು. ಅದಕ್ಕೆ ಗಾಳಿಗಿಂತ ಹೆಚ್ಚಾಗಿ ಬೆಂಗಳೂರಿನ ಆಕಾಶದ ದಟ್ಟಣೆಯೇ ಕಾರಣ. ಮಂಗಳೂರಿನಿಂದ ಬಂದ ವಿಮಾನ ಇಳಿಯಲು ಸರತಿ ಸಿಗುವವರೆಗೆ ತುಮಕೂರು, ಮಾಗಡಿ ಸುತ್ತಮುತ್ತ ಸುತ್ತು ಹಾಕಬೇಕಾಗಿ ಬರುವುದುಂಟು. ಬೆಂಗಳೂರು ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್, ಮಂಗಳೂರಿನದು ಸುಮಾರು 100 ಮೀಟರ್ ಎತ್ತರದಲ್ಲಿದ್ದರೂ, ಹಾರಾಟದ ಸಮಯಕ್ಕೆ ಆ ವ್ಯತ್ಯಾಸ ತಾಗುವುದೇ ಇಲ್ಲವೆನ್ನಬಹುದು. ಘಟ್ಟ ಹತ್ತಲು ಕಷ್ಟಪಡುವುದು ಲಾರಿ ಮತ್ತು ರೈಲು.

ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ವಿಮಾನದಲ್ಲಿ ನಿಜವಾಗಿ ಎಷ್ಟು ಹೊತ್ತು?

ಎಲ್ಲರೂ ಮೊದಲು ಕೇಳಬೇಕಾದ ಈ ಪ್ರಶ್ನೆಯನ್ನು ಟಿಕೆಟ್ ಕೊಂಡ ಮೇಲೆ ಕೇಳುತ್ತಾರೆ.

ಜಯನಗರದ ಮನೆಯಿಂದ ಮಂಗಳೂರಿನ ಹಂಪನಕಟ್ಟೆಗೆ ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ವಿಮಾನ ಬೆಳಗ್ಗೆ 9:30ಕ್ಕೆ. ಜಯನಗರದಿಂದ ನಿಲ್ದಾಣಕ್ಕೆ ನಲವತ್ತು ಕಿಲೋಮೀಟರಿಗಿಂತ ಹೆಚ್ಚು. ಹೆಬ್ಬಾಳದ ಮೇಲ್ಸೇತುವೆ ಯಾವ ಹೊತ್ತಿಗೆ ಹೇಗಿರುತ್ತದೆಂದು ಬಲ್ಲವರಿಲ್ಲ, ಆದ್ದರಿಂದ ಒಂದೂಮುಕ್ಕಾಲು ಗಂಟೆ ಇಟ್ಟುಕೊಳ್ಳಬೇಕು. ಒಂದೂವರೆ ಗಂಟೆ ಮೊದಲೇ ತಲುಪಬೇಕು. ಹಾಗಾದರೆ ಮನೆ ಬಿಡುವುದು 6:15ಕ್ಕೆ. ವಿಮಾನ 10:35ಕ್ಕೆ ಮಂಗಳೂರು ಸೇರಿತು. ಇಳಿದು, ಬೆಲ್ಟಿನ ಮೇಲೆ ಬ್ಯಾಗು ಬರುವವರೆಗೆ ಕಾದು ಹೊರಬರುವಾಗ 11 ಗಂಟೆ. ಬಜ್ಪೆಯಿಂದ ಕಾವೂರಿನ ಮೇಲೆ ಪೇಟೆಗೆ ಹದಿಮೂರು ಹದಿನಾಲ್ಕು ಕಿಲೋಮೀಟರ್, ಗುಡ್ಡ ಇಳಿಯುವ ತಿರುವುಗಳು ಬೇರೆ, ಸುಮಾರು ನಲವತ್ತು ನಿಮಿಷ. ಹಂಪನಕಟ್ಟೆ ಸೇರಿದಾಗ 11:40. ಒಟ್ಟು ಐದು ಗಂಟೆ ಇಪ್ಪತ್ತೈದು ನಿಮಿಷ. ಅದರಲ್ಲಿ ಆಕಾಶದಲ್ಲಿದ್ದದ್ದು ಮುಕ್ಕಾಲು ಗಂಟೆ.

ಹಿಂದೆ ಲೆಕ್ಕ ಹೀಗಿರಲಿಲ್ಲ. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ತೆರೆಯುವವರೆಗೆ ವಿಮಾನಗಳು ನಗರದೊಳಗೇ ಇದ್ದ ಎಚ್‌ಎಎಲ್ ನಿಲ್ದಾಣದಿಂದ ಹೊರಡುತ್ತಿದ್ದವು. ಇಂದಿರಾನಗರ, ದೊಮ್ಮಲೂರಿನವರು ಆಟೊದಲ್ಲಿ ಹೋಗಿ ವಿಮಾನ ಹತ್ತುತ್ತಿದ್ದರು. ವಿಮಾನಗಳ ವೇಗ ಅಂದಿಗೂ ಇಂದಿಗೂ ಒಂದೇ, ಪ್ರಯಾಣ ಮಾತ್ರ ಒಂದು ಗಂಟೆ ಉದ್ದವಾಗಿದೆ. ಯಲಹಂಕ, ಸಹಕಾರನಗರ, ಜಕ್ಕೂರಿನ ಕಡೆ ಮನೆ ಇರುವವರಿಗೆ ಮೇಲಿನ ಲೆಕ್ಕದಲ್ಲಿ ಒಂದೂಕಾಲು ಗಂಟೆ ಉಳಿಯುತ್ತದೆ. ಕೆಂಗೇರಿಯವರಿಗೆ ಇನ್ನಷ್ಟು ಸೇರುತ್ತದೆ.

ನಿಲ್ದಾಣಕ್ಕೆ ಎಷ್ಟು ಹೊತ್ತು ಮೊದಲು ಹೋಗಬೇಕು?

ದೇಶದೊಳಗಿನ ಪ್ರಯಾಣಕ್ಕೆ ಎರಡು ಗಂಟೆ ಮೊದಲು ಎಂದು ಹೇಳುತ್ತಾರೆ. ಬ್ಯಾಗು ಒಪ್ಪಿಸುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲು, ಹತ್ತುವ ಗೇಟು 25 ನಿಮಿಷ ಮೊದಲು ಮುಚ್ಚುತ್ತದೆ. ಕೈಚೀಲವಷ್ಟೇ ಇದ್ದು ವೆಬ್ ಚೆಕ್-ಇನ್ ಮಾಡಿಕೊಂಡವರಿಗೆ ಒಂದೂವರೆ ಗಂಟೆ ಸಾಕು. ಬೆಂಗಳೂರಿನಲ್ಲಿ ಟರ್ಮಿನಲ್ ಒಂದೋ ಎರಡೋ ಎಂದು ಟಿಕೆಟ್ಟಿನಲ್ಲಿ ನೋಡಿಕೊಂಡೇ ಹೊರಡಿ. ಮಂಗಳೂರಿನ ನಿಲ್ದಾಣ ಚಿಕ್ಕದು, ಅಲ್ಲಿ ಇಷ್ಟು ಗಾಬರಿ ಬೇಡ.

ಮಂಗಳೂರಿನ ನಿಲ್ದಾಣ ಗುಡ್ಡದ ಮೇಲಿದೆಯಂತೆ. ಅದರಿಂದ ಸಮಯಕ್ಕೆ ತೊಂದರೆಯಾಗುತ್ತದೆಯೆ?

ಗುಡ್ಡದ ನೆತ್ತಿಯನ್ನು ತಟ್ಟಾಗಿ ಕಡಿದು ಮಾಡಿದ, ‘ಟೇಬಲ್ ಟಾಪ್’ ಎಂದು ಕರೆಯುವ ನಿಲ್ದಾಣವದು. 1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದಾಗ ಅದು ಆರಂಭವಾಯಿತು. ಹಳೆಯ ರನ್‌ವೇ 1,615 ಮೀಟರ್ ಉದ್ದವಿದ್ದು, 2,450 ಮೀಟರಿನ ಹೊಸ ರನ್‌ವೇ 2006ರಲ್ಲಿ ಬಳಕೆಗೆ ಬಂತು. 2010ರ ಮೇ 22ರ ಮುಂಜಾನೆ ದುಬೈನಿಂದ ಬಂದ ವಿಮಾನ ಇದೇ ರನ್‌ವೇಯ ತುದಿ ದಾಟಿ ಕಣಿವೆಗೆ ಉರುಳಿ 158 ಮಂದಿ ತೀರಿಕೊಂಡರು, ಎಂಟು ಜನ ಉಳಿದರು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಆ ದಿನಾಂಕವನ್ನು ಮರೆತಿಲ್ಲ.

ಮಾಮೂಲು ದಿನಗಳಲ್ಲಿ ಗುಡ್ಡದ ಕಾರಣಕ್ಕೆ ಸಮಯ ಹೆಚ್ಚಾಗುವುದಿಲ್ಲ. ಆದರೆ ಅಂಚು ಮೀರಲು ಅವಕಾಶವೇ ಇಲ್ಲದ ಜಾಗವಾದ್ದರಿಂದ, ರನ್‌ವೇ ಸರಿಯಾಗಿ ಕಾಣದಿದ್ದರೆ ಅಥವಾ ಇಳಿಯುವ ಬಿಂದು ತಪ್ಪಿತೆನಿಸಿದರೆ ಪೈಲಟ್ ಮತ್ತೆ ಮೇಲೇರಿ ಇನ್ನೊಂದು ಸುತ್ತು ಬರುತ್ತಾರೆ. ಅದಕ್ಕೆ ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಒಳಗೆ ಕುಳಿತವರಿಗೆ ಗಾಬರಿಯಾಗುತ್ತದೆ, ನಿಜ. ಆದರೂ ಹಾಗೆ ಮೇಲೇರುವುದೇ ಸರಿಯಾದ ಕ್ರಮ.

ಮಳೆಗಾಲದಲ್ಲಿ ವಿಮಾನವನ್ನು ನಂಬಬಹುದೆ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧ ನಂಬಿ. ಮೋಡ ಗುಡ್ಡಕ್ಕೇ ತಾಗಿ ಕುಳಿತರೆ ವಿಮಾನ ಇಳಿಯಲಾಗದೆ ಕಣ್ಣೂರಿಗೋ ಕೊಚ್ಚಿಗೋ ಹೋಗುತ್ತದೆ, ಅಥವಾ ಹೊರಟಲ್ಲಿಗೇ ಮರಳುತ್ತದೆ.

ಒಮ್ಮೆ ಜುಲೈಯಲ್ಲಿ, ಅಕ್ಕನ ಮಗಳ ನಿಶ್ಚಿತಾರ್ಥಕ್ಕೆಂದು ಬೆಳಗಿನ ವಿಮಾನದಲ್ಲಿ ಹೊರಟಿದ್ದೆ. ಘಟ್ಟದವರೆಗೆ ಬಿಸಿಲಿತ್ತು. ಆಮೇಲೆ ಕಿಟಕಿಯ ಆಚೆ ಹಾಲು ಚೆಲ್ಲಿದಂತೆ ಬಿಳಿ, ಗಾಜಿನ ಮೇಲೆ ಹಿಂದಕ್ಕೆ ಓಡುವ ನೀರಿನ ಗೆರೆಗಳು. ಚಕ್ರ ಬಿಚ್ಚಿಕೊಂಡ ಸದ್ದು ಕೇಳಿತು, ಒಂದು ಕ್ಷಣ ಕೆಂಪು ಹೆಂಚಿನ ಮಾಡು ಮತ್ತು ಅಡಿಕೆ ತೋಟದ ತುದಿ ಕಂಡವು, ಅಷ್ಟರಲ್ಲೇ ಇಂಜಿನ್ ಅಬ್ಬರಿಸಿ ವಿಮಾನ ಮತ್ತೆ ಮೇಲಕ್ಕೆ ಹೋಯಿತು. ಮೂರು ಸುತ್ತು ಹಾಕಿದೆವು. ಪಕ್ಕದ ಸೀಟಿನ ಅಜ್ಜಿ ತುಳುವಿನಲ್ಲಿ ದೇವರನ್ನು ಕರೆಯುವುದನ್ನು ನಿಲ್ಲಿಸಿ, ‘ಬಸ್ಸಿನಲ್ಲಿ ಬಂದಿದ್ದರೆ ಇಷ್ಟೊತ್ತಿಗೆ ಕಾಫಿ ಕುಡಿದಾಗುತ್ತಿತ್ತು ಮಗಾ’ ಎಂದರು. ಕೊನೆಗೆ ಇಳಿದದ್ದು ಬೆಂಗಳೂರಿನಲ್ಲೇ. ಎರಡೂವರೆ ಗಂಟೆ ಹಾರಿ, ಹೊರಟ ಜಾಗಕ್ಕೇ ಬಂದು, ಸಂಜೆಯ ಬಸ್ಸು ಹಿಡಿದು ಮರುದಿನ ಬೆಳಗ್ಗೆ ಊರು ಸೇರಿದೆ. ನಿಶ್ಚಿತಾರ್ಥ ಮುಗಿದಿತ್ತು, ಹೋಳಿಗೆ ಉಳಿದಿತ್ತು.

ಅಂದಿನಿಂದ ಮಳೆಗಾಲದ ಕಾರ್ಯಕ್ರಮಕ್ಕೆ ಒಂದು ದಿನ ಮೊದಲೇ ಹೋಗುತ್ತೇನೆ. ಬೇಗ ಮುಟ್ಟಲೇಬೇಕೆಂದಿದ್ದರೆ ಬೆಳಗಿನ ಮೊದಲ ವಿಮಾನ ಒಳ್ಳೆಯದು; ಅದು ರದ್ದಾದರೂ ಆ ದಿನದ ಉಳಿದ ವಿಮಾನಗಳೂ ರಾತ್ರಿಯ ಬಸ್ಸೂ ಮುಂದಿರುತ್ತವೆ.

ಹಾಗಿದ್ದರೆ ಮಳೆಗಾಲದಲ್ಲಿ ರಸ್ತೆ ಅಥವಾ ರೈಲೇ ವಾಸಿಯೆ?

ಘಟ್ಟ ಅಲ್ಲಿಯೂ ಬಿಡುವುದಿಲ್ಲ. ಶಿರಾಡಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದು ಮಳೆಗಾಲದ ಮಾಮೂಲು ಸುದ್ದಿ. 2018ರ ಆಗಸ್ಟಿನ ಮಳೆಗೂ 2024ರ ಜುಲೈ ಮಳೆಗೂ ಹೆದ್ದಾರಿ, ರೈಲು ಎರಡೂ ನಿಂತು ಹೋಗಿದ್ದವು. ಶಿರಾಡಿ ಮುಚ್ಚಿದರೆ ವಾಹನಗಳು ಕೊಟ್ಟಿಗೆಹಾರದಿಂದ ಉಜಿರೆಗೆ ಇಳಿಯುವ ಚಾರ್ಮಾಡಿಯನ್ನೋ ಮಡಿಕೇರಿಯಿಂದ ಸುಳ್ಯಕ್ಕೆ ಇಳಿಯುವ ಸಂಪಾಜೆಯನ್ನೋ ಹಿಡಿಯಬೇಕು. ಆಗ ಎಂಟು ಗಂಟೆಯ ದಾರಿ ಹತ್ತು ಹನ್ನೊಂದು ಗಂಟೆಯಾಗುತ್ತದೆ.

ಬಸ್ಸು ಮತ್ತು ರೈಲಿಗೆ ಎಷ್ಟು ಹೊತ್ತು ಬೇಕು?

ರಾತ್ರಿಯ ಸ್ಲೀಪರ್ ಬಸ್ಸು ಏಳೂವರೆಯಿಂದ ಎಂಟೂವರೆ ಗಂಟೆ ತೆಗೆದುಕೊಳ್ಳುತ್ತದೆ. ಹಾಸನದವರೆಗೆ ರಸ್ತೆ ಸಲೀಸು. ಸಕಲೇಶಪುರ ದಾಟಿ ಮಾರನಹಳ್ಳಿಯಿಂದ ಕೆಳಗೆ ಸುಮಾರು 26 ಕಿ.ಮೀ. ಘಾಟಿಯನ್ನು 2015 ಮತ್ತು 2018ರಲ್ಲಿ ಎರಡು ಹಂತಗಳಲ್ಲಿ ಕಾಂಕ್ರೀಟ್ ಮಾಡಿದ ಮೇಲೆ ಬೆನ್ನುಮೂಳೆಗೆ ಬಹಳ ನೆಮ್ಮದಿಯಾಗಿದೆ. ಆದರೂ ಗ್ಯಾಸ್ ಟ್ಯಾಂಕರುಗಳ ಸಾಲಿನ ಹಿಂದೆ ಸಿಕ್ಕಿಕೊಂಡರೆ ತೆವಳುವುದು ತಪ್ಪದು.

ರೈಲಿನ ನಿಧಾನಕ್ಕೆ ಕಾರಣ ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವಿನ 55 ಕಿ.ಮೀ. ಅಷ್ಟರಲ್ಲೇ 57 ಸುರಂಗಗಳಿವೆ. ಇಳಿಜಾರು ಐವತ್ತಕ್ಕೆ ಒಂದು, ಅಂದರೆ ಐವತ್ತು ಮೀಟರ್ ಸಾಗುವಷ್ಟರಲ್ಲಿ ಒಂದು ಮೀಟರ್ ಏರಿಳಿತ. ರೈಲಿನ ಮಟ್ಟಿಗೆ ಇದು ಕಡಿದಾದ ದಾರಿಯೇ. ವೇಗ ಗಂಟೆಗೆ 30 ಕಿ.ಮೀ. ಆಸುಪಾಸಿನಲ್ಲೇ ಇರಬೇಕಾದ್ದರಿಂದ ಈ ತುಂಡಿಗೇ ಎರಡು ಗಂಟೆಗಿಂತ ಹೆಚ್ಚು ಬೇಕು. ವಿಮಾನ ಒಮ್ಮೆ ಹೋಗಿ ಬರುವಷ್ಟು ಹೊತ್ತು. ಮೀಟರ್ ಗೇಜ್ ಮಾರ್ಗವನ್ನು ಬ್ರಾಡ್ ಗೇಜ್ ಮಾಡಲು 1996ರಲ್ಲಿ ನಿಲ್ಲಿಸಿದ ಸಂಚಾರದಲ್ಲಿ ಪ್ರಯಾಣಿಕರ ರೈಲು ಮತ್ತೆ ಬಂದದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ ನಮ್ಮ ಕಡೆಯವರಿಗೆ ಬೆಂಗಳೂರಿಗೆ ಘಟ್ಟದ ರೈಲೇ ಇರಲಿಲ್ಲವೆಂದರೆ ಈಗಿನ ಹುಡುಗರು ನಂಬುವುದಿಲ್ಲ. ರಾತ್ರಿಯ ರೈಲಿಗೆ ಒಂಬತ್ತರಿಂದ ಹತ್ತು ಗಂಟೆ ಹಿಡಿಯಿರಿ. ಅವಸರವಿಲ್ಲದವರು ಒಮ್ಮೆಯಾದರೂ ಹಗಲಿನ ರೈಲಿನಲ್ಲಿ ಹೋಗಬೇಕು. 2021ರಿಂದ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಗಳೂ ಇವೆ.

ಒಟ್ಟಿನಲ್ಲಿ ಯಾರು ವಿಮಾನದಲ್ಲಿ ಹೋಗಬೇಕು, ಯಾರು ಬೇಡ?

ಬೆಂಗಳೂರಿನ ಉತ್ತರ ಭಾಗದಲ್ಲಿ ಮನೆ, ಮಂಗಳೂರು ಪೇಟೆಯಲ್ಲಿ ಕೆಲಸ, ಅದೇ ದಿನ ಮರಳಬೇಕು ಎನ್ನುವವರಿಗೆ ವಿಮಾನವೇ ಸರಿ. ರಾತ್ರಿ ಬಸ್ಸಿನಲ್ಲಿ ನಿದ್ದೆ ಬಾರದ ಹಿರಿಯರಿಗೂ, ಎಂಟು ಗಂಟೆ ಕೂರಲಾಗದ ರೋಗಿಗಳಿಗೂ ಅದೇ ಅನುಕೂಲ. ಮಲಗಿದಲ್ಲೇ ನಿದ್ದೆ ಬರುವ ಭಾಗ್ಯವಂತರಿಗೆ ಮಾತ್ರ ವಿಮಾನದಿಂದ ಉಳಿಯುವುದು ಏನೂ ಇಲ್ಲವೆಂದೇ ನನ್ನ ಅಭಿಪ್ರಾಯ. ಬಸ್ಸಿನ ಎಂಟು ಗಂಟೆ ಹೇಗಿದ್ದರೂ ಮಲಗುವ ಹೊತ್ತು, ವಿಮಾನದ ಐದೂವರೆ ಗಂಟೆ ಎಚ್ಚರದ ಹೊತ್ತು.

ನಮ್ಮೂರು ಪುತ್ತೂರು, ಧರ್ಮಸ್ಥಳ, ಉಡುಪಿ ಕಡೆ. ನಮಗೆ ಮಂಗಳೂರಿನ ವಿಮಾನ ಉಪಯೋಗವೆ?

ಉಡುಪಿ, ಮಣಿಪಾಲದವರಿಗೆ ಉಪಯೋಗವೇ, ಬಜ್ಪೆಯಿಂದ ಟ್ಯಾಕ್ಸಿಗೆ ಇನ್ನೊಂದೂವರೆ ಗಂಟೆ ಸೇರಿಸಿಕೊಳ್ಳಬೇಕು ಅಷ್ಟೆ. ಪುತ್ತೂರು, ಸುಳ್ಯ, ಸುಬ್ರಹ್ಮಣ್ಯ, ಧರ್ಮಸ್ಥಳದವರು ಯೋಚಿಸಬೇಕು. ಈ ಊರುಗಳೆಲ್ಲ ಘಟ್ಟ ಇಳಿದೊಡನೆ, ಮಂಗಳೂರಿಗಿಂತ ಮೊದಲೇ ಸಿಗುತ್ತವೆ. ವಿಮಾನದಲ್ಲಿ ಅವನ್ನು ದಾಟಿ ಹೋಗಿ, ಮತ್ತೆ ಅಷ್ಟು ದೂರ ಹಿಂದಕ್ಕೆ ಬರಬೇಕು. ರೈಲು ಸುಬ್ರಹ್ಮಣ್ಯ ರಸ್ತೆ ಮತ್ತು ಕಬಕ ಪುತ್ತೂರಿನಲ್ಲೇ ನಿಲ್ಲುತ್ತದೆ.

ವಿಮಾನ ತಡವಾದರೆ ಅಥವಾ ರದ್ದಾದರೆ ಏನು ಸಿಗುತ್ತದೆ?

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ, ಎರಡೂವರೆ ಗಂಟೆಯೊಳಗಿನ ಬ್ಲಾಕ್ ಟೈಮ್ ಇರುವ ವಿಮಾನ ಎರಡು ಗಂಟೆ ಅಥವಾ ಹೆಚ್ಚು ತಡವಾದರೆ ಕಾಯುವವರಿಗೆ ತಿಂಡಿ, ಪಾನೀಯ ಕೊಡಬೇಕು. ಮೊದಲೇ ತಿಳಿಸದೆ ರದ್ದು ಮಾಡಿದರೆ ಪರಿಹಾರವಿದೆ. ಬ್ಲಾಕ್ ಟೈಮ್ ಒಂದು ಗಂಟೆಯವರೆಗೆ ಇದ್ದರೆ ಗರಿಷ್ಠ 5,000 ರೂ., ಒಂದು ಗಂಟೆ ಮೀರಿ ಎರಡು ಗಂಟೆಯೊಳಗಿದ್ದರೆ 7,500 ರೂ.; ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತ ಇದಕ್ಕಿಂತ ಕಡಿಮೆಯಿದ್ದರೆ ಅಷ್ಟೇ. ಟಿಕೆಟ್ಟಿನಲ್ಲಿ 1 ಗಂಟೆ ಎಂದು ಬರೆದಿದೆಯೋ 1 ಗಂಟೆ 5 ನಿಮಿಷ ಎಂದು ಬರೆದಿದೆಯೋ ಎಂಬುದಕ್ಕೆ ಈ ಮಾರ್ಗದಲ್ಲಿ ಹೀಗೊಂದು ಬೆಲೆಯಿದೆ. ಹವಾಮಾನದಂಥ, ಸಂಸ್ಥೆಯ ಕೈಮೀರಿದ ಕಾರಣಕ್ಕೆ ರದ್ದಾದರೆ ಈ ಪರಿಹಾರ ಅನ್ವಯಿಸುವುದಿಲ್ಲ, ಟಿಕೆಟ್ಟಿನ ಹಣ ಅಥವಾ ಬದಲಿ ವಿಮಾನ ಸಿಗುತ್ತದೆ. ಮಂಗಳೂರಿನ ರದ್ದುಗಳಲ್ಲಿ ಮಳೆಯ ಪಾಲು ದೊಡ್ಡದಾದ್ದರಿಂದ ಹೆಚ್ಚಿನ ಆಸೆ ಬೇಡ.

ಮಂಗಳೂರಿನಲ್ಲಿ ಸಂಜೆ ತಡವಾಗಿ ಕತ್ತಲಾಗುತ್ತದೆ ಎನ್ನುತ್ತಾರೆ. ನಿಜವೆ?

ನಿಜ. ಗಡಿಯಾರ ಒಂದೇ ಆದರೂ ಮಂಗಳೂರು ಬೆಂಗಳೂರಿಗಿಂತ ಸುಮಾರು 2.74 ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ಅಲ್ಲಿ ಹನ್ನೊಂದು ನಿಮಿಷ ತಡವಾಗಿ ಮುಳುಗುತ್ತಾನೆ.

ಯಾವ ಕಡೆಯ ಕಿಟಕಿ ಕೇಳಬೇಕು?

ಮಂಗಳೂರಿಗೆ ಹೋಗುವಾಗ ಎಡಗಡೆ ದಕ್ಷಿಣ, ಬಲಗಡೆ ಉತ್ತರ. ನೇರ ಗೆರೆ ತುಮಕೂರು ಮತ್ತು ಕುಣಿಗಲ್ ನಡುವೆ ಹಾದು, ಹಾಸನವನ್ನು ಎಡಕ್ಕೂ ಬೇಲೂರನ್ನು ಬಲಕ್ಕೂ ಬಿಟ್ಟು ಘಟ್ಟ ದಾಟುತ್ತದೆ. ಎಡಗಡೆ ಕುಳಿತರೆ ಗೊರೂರಿನ ಹೇಮಾವತಿ ಜಲಾಶಯ ಮಧ್ಯಾಹ್ನದ ಬಿಸಿಲಿಗೆ ಹೊಳೆಯುವುದು ಕಾಣುತ್ತದೆ. ಬಲಗಡೆಯಾದರೆ ಕುದುರೆಮುಖದ ಸಾಲು. ಚಳಿಗಾಲದ ಬೆಳಗಿನಲ್ಲಿ ಘಟ್ಟದ ಅಂಚಿನವರೆಗೆ ಬಯಲು ಕಂದಾಗಿ ಹಬ್ಬಿದ್ದು, ಒಮ್ಮೆಲೇ ಕಡು ಹಸಿರಿಗೆ ತಿರುಗಿ ಕೆಳಗೆ ಬೀಳುವ ಆ ಜಾಗವನ್ನು ನೋಡಲು ನಾನು ಯಾವಾಗಲೂ ಬಲಗಡೆಯನ್ನೇ ಕೇಳುತ್ತೇನೆ. ವಿಮಾನ ಅಷ್ಟರಲ್ಲಿ ಇಳಿಯತೊಡಗಿರುತ್ತದೆ. ನಕ್ಷೆಯ ಗೆರೆ ಸರಿಯಾಗಿ ಉಜಿರೆ, ಬೆಳ್ತಂಗಡಿಯ ಮೇಲೆ ಹಾಯುತ್ತದೆ. ನಮ್ಮ ಮನೆಯ ಮಾಡು ಕಂಡೀತೇ ಎಂದು ಪ್ರತಿ ಸಲವೂ ಹಣುಕುತ್ತೇನೆ. ಇದುವರೆಗೆ ಕಂಡಿಲ್ಲ.